ಮೊದಲ ಮರಳು ಯಾರ ಪಾಲಿಗೆ

"ಲದ್ದಿ ಬಾಚೋನಿಗೆ ಇಷ್ಟು ಕೊಬ್ಬಾ? ನನ್ನ ಕುದುರೆ ಯಾವಾಗ ಒಳಗೆ ಹೋಗ್ಬೇಕು ಅಂತ ನೀನ್ ಹೇಳ್ತೀಯೇನೋ ನಂಗೆ?"

ಸವಾರಿ ಕಲಿಸುವ ಕೋಚ್ ಈ ಮಾತು ಹೇಳುವುದು ಕುದುರೆಯ ಮೇಲೆ ಕೂತುಕೊಂಡು. ಹಾಗಾಗಿ ಬೈಗುಳ ಎತ್ತರದಿಂದಲೇ ಬೀಳುತ್ತದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸವಾರಿ ಅಂಗಳದ ಗೇಟಿನ ಮುಂದೆ ಅವನ ಶಿಷ್ಯರಿಬ್ಬರು, ಮಗಳ ಗಿಡ್ಡ ಕುದುರೆ ಪೋನಿಯನ್ನು ಹಿಡಿದುಕೊಂಡ ಒಬ್ಬ ತಾಯಿ, ತಮ್ಮ ಕಂದು ಕುದುರೆಯ ಕುತ್ತಿಗೆ ತಟ್ಟುತ್ತಾ ನಿಂತ ನಿವೃತ್ತ ಮೇಷ್ಟ್ರು, ಎಲ್ಲರೂ ಇದ್ದಾರೆ.

ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತ ಮನುಷ್ಯ ತಲೆಯೆತ್ತಿ ನೋಡುತ್ತಾರೆ. ಕಾಲಿಗೆ ಗಮ್‌ಬೂಟು, ಹೆಗಲ ಮೇಲೆ ಒದ್ದೆ ಟವೆಲ್ಲು. ಗೇಟಿನ ಪಕ್ಕದ ಉದ್ದ ಹಲಗೆಯಲ್ಲಿ ಸಾಲಾಗಿ ಹೊಡೆದ ಮೊಳೆಗಳು, ಮೊಳೆಗೊಂದರಂತೆ ತೂಗುವ ಸವೆದ ಲಾಳಗಳು. ಅವುಗಳ ಕಡೆ ಗದ್ದ ತಿರುಗಿಸಿ ಅವರು ಹೇಳುವುದು ಇಷ್ಟೇ:

"ನಿಮ್ದು ಎರಡನೇದು ಸರ್. ಮೊದಲನೇದು ಮುಗೀಲಿ."

ಶಿಷ್ಯರು ಕಿಸಕ್ಕನೆ ನಗುತ್ತಾರೆ. ಬೈಸಿಕೊಂಡವರನ್ನು ನೋಡಿ ನಕ್ಕರೋ ಬೈದವನನ್ನು ನೋಡಿ ನಕ್ಕರೋ ಗೊತ್ತಾಗುವುದಿಲ್ಲ. ಕೋಚ್‌ನ ಕಿವಿ ಕೆಂಪಾಗುತ್ತದೆ. ಅಂಗಳದ ಒಳಗೆ ಬೂದು ಬಣ್ಣದ ಹೆಣ್ಣು ಕುದುರೆಯೊಂದು, ಅದರ ಹಗ್ಗ ಹಿಡಿದ ಒಬ್ಬ ಹೆಂಗಸು, ತುಂಬಿದ ಎಣ್ಣೆ ಬಟ್ಟಲನ್ನು ತಲೆಯ ಮೇಲೆ ಹೊತ್ತವರ ಹಾಗೆ ಗೋಡೆಯ ಬದಿಯಲ್ಲಿ ನಡೆಯುತ್ತಿದ್ದಾರೆ. ಗೇಟಿನ ಹೊರಗೆ ಎಷ್ಟು ಬೆಂಕಿ ಉರಿದರೂ ಒಳಗಿನ ಆ ನಡಿಗೆ ಜೋರಾಗುವುದಿಲ್ಲ.

ಗೇಟಿನ ಈ ಮನುಷ್ಯನನ್ನು ಲಾಯದಲ್ಲಿ ಎಲ್ಲರೂ ಕರೆಯುವುದು ಪಾಳಿಯಣ್ಣ ಎಂದು. "ಪಾಳಿ ಪ್ರಕಾರ ಬನ್ನಿ, ಪಾಳಿ ಪ್ರಕಾರ" ಎಂದು ದಿನವಿಡೀ ಹೇಳಿ ಹೇಳಿ ಅಂಟಿದ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರೇನು ಎಂದು ಕೇಳಿದರೆ ನಗುತ್ತಾರೆ. "ಅದು ಸಂಬಳದ ದಿನ ಮಾತ್ರ ಬೇಕಾಗೋದು ತಮ್ಮಾ. ಮಿಕ್ಕಿದ ದಿನ ಇದೇ ಸಾಕು."

ಬಾಡಿಗೆ ಲಾಯ ಎಂದರೇನೆಂದು ತಿಳಿಯದವರಿಗೆ ಒಂದು ಮಾತು. ಕುದುರೆ ಇಟ್ಟುಕೊಳ್ಳುವ ಆಸೆಯಿದೆ, ಕಟ್ಟಲು ಜಾಗವಿಲ್ಲ, ಅಂಥವರು ತಿಂಗಳ ಬಾಡಿಗೆ ಕೊಟ್ಟು ತಮ್ಮ ಕುದುರೆಯನ್ನು ಬಿಟ್ಟಿರುವ ಜಾಗ ಇದು. ಎದುರುಬದುರು ಎರಡು ಸಾಲು ಕೊಟ್ಟಿಗೆ, ನಡುವೆ ಕಾಂಕ್ರೀಟಿನ ಓಣಿ, ಕೊನೆಯಲ್ಲಿ ಹುಲ್ಲಿನ ಶೆಡ್ಡು, ಜೀನು ಲಗಾಮು ನೇತುಹಾಕುವ ಕೋಣೆ. ಆ ಕೋಣೆಯಲ್ಲಿ ಹೊತ್ತೆನ್ನದೆ ಚರ್ಮದ, ಬೆವರಿನ, ಸೋಪಿನ ವಾಸನೆ. ಕುದುರೆಗಳು ಬೇಕಾದಷ್ಟು, ಯಜಮಾನರು ಅದಕ್ಕಿಂತ ತುಸು ಕಡಿಮೆ, ಸವಾರಿ ಅಂಗಳ ಮಾತ್ರ ಒಂದೇ ಒಂದು. ಹೊರಗಿನ ರಸ್ತೆಯಲ್ಲಿ ಲಾರಿಗಳ ಹಾವಳಿ. ಬಿಸಿಲೇರಿದ ಮೇಲೆ ಮರಳು ಹಂಚಿನ ಹಾಗೆ ಕಾಯುತ್ತದೆ. ಆದ್ದರಿಂದ ಎಲ್ಲರಿಗೂ ಬೇಕಾಗಿರುವುದು ಅದೇ ಅಂಗಳ, ಅದೇ ಬೆಳಗಿನ ಹೊತ್ತು. ಒಂದೇ ನಲ್ಲಿಗೆ ಇಡೀ ಬೀದಿಯ ಕೊಡಗಳು ಬಂದು ನಿಂತ ಹಾಗೆ.

ಗೆದ್ದ ಕುದುರೆಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಸವಾರನ ಹೆಸರು ಬರುತ್ತದೆ, ಕೋಚ್‌ನ ಹೆಸರು ಬರುತ್ತದೆ, ಕುದುರೆಯ ಅಜ್ಜನ ಹೆಸರೂ ಬರುತ್ತದೆ. ಆ ಕುದುರೆ ಓಡಿ ಕಲಿತ ಮರಳನ್ನು ಹದ ಮಾಡಿದವನು ಯಾರು ಎಂದು ಕೇಳಿದ ಪುಣ್ಯಾತ್ಮನನ್ನು ನಾನಂತೂ ಕಂಡಿಲ್ಲ. ಈ ಲಾಯಕ್ಕೆ ಹುಲ್ಲಿನ ಲೋಡು ಇಳಿಸಲು ಬರುವವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಪಾಳಿಯಣ್ಣನ ದಿನ ಎಲ್ಲರಿಗಿಂತ ಮುಂಚೆ ಶುರುವಾಗುತ್ತದೆ. ಮೊದಲು ಬರಿಗೈಯಲ್ಲಿ ಅಂಗಳವನ್ನು ಒಂದು ಸುತ್ತು ನಡೆಯುತ್ತಾರೆ. ಕಲ್ಲು, ಗಾಜಿನ ಚೂರು, ಯಾರದೋ ಕೋಟಿನಿಂದ ಬಿದ್ದ ಗುಂಡಿ, ಸಿಕ್ಕಿದ್ದೆಲ್ಲ ಜೇಬಿಗೆ. ಆಮೇಲೆ ನೀರು. ಪೈಪು ಹಿಡಿದು ಬೆರಳಿನಿಂದ ಬಾಯಿ ಒತ್ತಿ, ಮಳೆ ಹನಿಯ ಹಾಗೆ ಹಾರಿಸುತ್ತಾರೆ. ನೀರು ಕಡಿಮೆಯಾದರೆ ಮರಳು ಸಡಿಲವಾಗಿ ಕುದುರೆಯ ಗೊರಸು ಹೂತು ಹೋಗುತ್ತದೆ, ಹೆಚ್ಚಾದರೆ ಗೊರಸಿಗೆ ಉಂಡೆ ಕಟ್ಟುತ್ತದೆ. ಕೊನೆಗೆ ಹಳೆಯ ಪುಟ್ಟ ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿ ಎಳೆಯುವುದು. ಟ್ರ್ಯಾಕ್ಟರು ಮೂಲೆಗೆ ಹೋಗುವುದಿಲ್ಲ. ನಾಲ್ಕು ಮೂಲೆಗಳನ್ನೂ ರೇಕ್ ಹಿಡಿದು ಕೈಯಲ್ಲೇ ಎಳೆಯಬೇಕು.

"ಕುದುರೆ ಯಾವಾಗ್ಲೂ ಗೋಡೆ ಪಕ್ಕನೇ ಓಡೋದು. ಓಡಿ ಓಡಿ ಅಲ್ಲಿ ಕಾಲುವೆ ಆಗುತ್ತೆ, ಮರಳೆಲ್ಲ ಮಧ್ಯಕ್ಕೆ ಹೋಗಿ ಗುಡ್ಡೆ ಬೀಳುತ್ತೆ. ನಾನು ವಾಪಸ್ ಗೋಡೆಗೆ ಎಳೀತೀನಿ. ಅವು ಮತ್ತೆ ಮಧ್ಯಕ್ಕೆ ತಳ್ತವೆ. ಇಷ್ಟೇ ನನ್ನ ಸಂಸಾರ" ಎನ್ನುತ್ತಾರೆ.

ಅವರು ಇಲ್ಲಿಗೆ ಬಂದದ್ದೂ ಮರಳಿನ ಜೊತೆಗೇ. ಈ ಅಂಗಳ ಮಾಡುವಾಗ ಮರಳಿನ ಲಾರಿಯಲ್ಲಿ ಲೋಡಿಂಗ್ ಕೆಲಸಕ್ಕೆ ಬಂದ ಹುಡುಗ. ಈಗಿನ ಒಡತಿಯ ತಂದೆ, ಆಗಿನ ಯಜಮಾನರು, ಸಲಿಕೆ ಕೊಟ್ಟು ಹರಡಲು ಹೇಳಿದರಂತೆ. "ಹರಡಿದೆ. ಲಾರಿ ಹೋಯ್ತು, ನಾನು ಹೋಗ್ಲಿಲ್ಲ. ಇನ್ನೂ ಹರಡ್ತಾನೇ ಇದೀನಿ."

ಲಾಳಗಳ ಸಾಲು ಅವರದೇ ಉಪಾಯ. ಅದಕ್ಕೆ ಮುಂಚೆ ಇಲ್ಲಿ ಯಾರು ಮೊದಲು ಬರುತ್ತಾರೋ ಅವರಿಗೆ ಅಂಗಳ ಎಂಬ ಪದ್ಧತಿ ಇತ್ತು. ಜನ ಕೋಳಿಗಿಂತ ಮುಂಚೆ ಏಳತೊಡಗಿದರು. ಬಸ್ಸಿನ ಸೀಟಿಗೆ ಕರ್ಚೀಫು ಎಸೆದ ಹಾಗೆ ಹಿಂದಿನ ಸಂಜೆಯೇ ಗೇಟಿಗೆ ಟೋಪಿ, ಚಾವಟಿ, ನೀರಿನ ಬಾಟಲಿ ಕಟ್ಟಿಹೋಗತೊಡಗಿದರು. ಒಬ್ಬರ ಟೋಪಿಯನ್ನು ಇನ್ನೊಬ್ಬರು ಬಿಚ್ಚಿ ಎಸೆದರು. ಒಂದು ಬೆಳಿಗ್ಗೆ ಇಬ್ಬರು ಹಟಕ್ಕೆ ಬಿದ್ದು ಒಟ್ಟಿಗೇ ನುಗ್ಗಿ, ಕುದುರೆಗಳು ಡಿಕ್ಕಿಯಾಗಿ, ಒಬ್ಬರ ಹೆಗಲ ಮೂಳೆ ಮುರಿಯಿತು.

ಅದಾದ ಮೇಲೆ ಪಾಳಿಯಣ್ಣ ಲಾಳ ಕಟ್ಟುವವನ ಬಕೆಟ್ಟಿನಿಂದ ಕುದುರೆಗೊಂದರಂತೆ ಹಳೆಯ ಲಾಳ ಆರಿಸಿ, ಗುರುತಿಗೆ ಬಣ್ಣ ಹಚ್ಚಿ, ಹಲಗೆಗೆ ನೇತುಹಾಕಿದರು. ಎಡತುದಿಯ ಲಾಳ ಯಾರದೋ ಅವರದು ಮೊದಲ ಪಾಳಿ. ಆ ದಿನ ಮೊದಲ ಪಾಳಿ ಮುಗಿಸಿದವರ ಲಾಳ ಸಂಜೆ ಬಲತುದಿಗೆ ಹೋಗುತ್ತದೆ, ಮಿಕ್ಕವರು ಮರುದಿನಕ್ಕೆ ಒಂದೊಂದು ಮೊಳೆ ಮುಂದಕ್ಕೆ ಬರುತ್ತಾರೆ. "ನನ್ನ ಜೊತೆ ಜಗಳ ಆಡಬಹುದು. ಲಾಳದ ಜೊತೆ ಯಾರು ಆಡ್ತಾರೆ?"

ಪಾಳಿ ಜೊತೆಗೆ ಒಂದಿಷ್ಟು ಕಟ್ಟುಪಾಡು. ಗೇಟು ತೆಗೆಯುವ ಮುಂಚೆ "ಬಾಗಿಲು!" ಎಂದು ಕೂಗಿ, ಒಳಗಿನಿಂದ "ಬನ್ನಿ" ಎಂದಮೇಲೇ ಕಾಲಿಡಬೇಕು. ಒಂದೇ ಪಾಳಿಯನ್ನು ಇಬ್ಬರು ಒಪ್ಪಿ ಹಂಚಿಕೊಂಡಾಗ, ಎದುರಾದರೆ ಎಡಗೈಗೆ ಎಡಗೈ ತಾಗುವ ಹಾಗೆ ದಾಟಬೇಕು. ನಿಧಾನವಾಗಿ ಹೋಗುವವರು ಗೋಡೆಯ ಬದಿಯನ್ನು ವೇಗದವರಿಗೆ ಬಿಡಬೇಕು. ಕುದುರೆ ನೆಗೆದು ದಾಟುವ ಕಂಬಗಳನ್ನು ನಿಲ್ಲಿಸಿದವರೇ ತೆಗೆದಿಡಬೇಕು. ನಿಮ್ಮ ಕುದುರೆಯ ಲದ್ದಿ ನೀವೇ ಎತ್ತಬೇಕು. ಕೊನೆಯದನ್ನು ಯಾರೂ ಪಾಲಿಸುವುದಿಲ್ಲ. ಅದನ್ನು ಪಾಳಿಯಣ್ಣ ತಾವೇ ಪಾಲಿಸುತ್ತಾರೆ, ಎಲ್ಲರ ಪರವಾಗಿ.

ಹುಲ್ಲಿನ ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ. ಅವರ ಹೆಂಡತಿ ಕುದುರೆಗೆ ಹೊದಿಸುವ ಕಂಬಳಿಗಳ ಹರಿದ ಅಂಚು ಹೊಲಿಯುತ್ತಾರೆ. ಕೋಣೆಯ ಅರ್ಧ ಜಾಗ ಕಂಬಳಿಗಳಿಗೆ, ಕಾಲು ಜಾಗ ಹೊಲಿಗೆ ಮಿಷನ್ನಿಗೆ, ಉಳಿದದ್ದರಲ್ಲಿ ಇಬ್ಬರ ಬಾಳು. ನಾನು ಹೋದಾಗ ಅವರು ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಮಾತಾಡಿದರು.

"ಊರಿಗೆಲ್ಲ ಪಾಳಿ ಹಂಚ್ತಾರಲ್ಲ ನಮ್ಮನೆಯವರು, ಮನೇಲಿ ನನ್ನ ಪಾಳಿ ಯಾವಾಗ ಬರುತ್ತೆ ಅಂತ ನೀನಾದ್ರೂ ಕೇಳಪ್ಪ. ಈ ಕಿಟಕಿ ಬಾಗಿಲು ಮುರಿದು ಎಷ್ಟು ಕಾಲ ಆಯ್ತು!"

"ನಿಂದು ಸಾಲಲ್ಲಿದೆ ಕಣೆ" ಎಂದರು ಪಾಳಿಯಣ್ಣ.

"ಸಾಲಲ್ಲೇ ಇರುತ್ತೆ. ನನ್ನ ಲಾಳಕ್ಕೆ ಮೊಳೆನೇ ಹೊಡೆದಿಲ್ಲ ಇವರು."

ಇನ್ನು ಆ ಬೂದು ಕುದುರೆಯ ವಿಷಯ. ಎಲ್ಲರೂ ಅದನ್ನು ಬೂದಿ ಎನ್ನುತ್ತಾರೆ. ಹಿಂದಿನ ಯಜಮಾನ ಮುಂಗಾಲಿನ ನರ ಹರಿದ ಮೇಲೆ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿ, ಫೋನು ಎತ್ತುವುದನ್ನೂ ನಿಲ್ಲಿಸಿ, ಕೈತೊಳೆದುಕೊಂಡು ಹೋದ. ಅದನ್ನು ತನ್ನದು ಮಾಡಿಕೊಂಡವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಹೆಂಗಸು. ರಜೆಯ ದಿನ ಕೊಟ್ಟಿಗೆ ತೊಳೆಯಲು ಬರುತ್ತಿದ್ದವಳು ಈ ಕುದುರೆಯ ಮುಂದೆ ನಿಂತು ಹೋಗುವುದನ್ನು ರೂಢಿ ಮಾಡಿಕೊಂಡಳು, ಕೊನೆಗೆ ಒಂದು ದಿನ ಬಾಡಿಗೆಯನ್ನು ತಾನೇ ಕಟ್ಟುತ್ತೇನೆ ಎಂದುಬಿಟ್ಟಳು. ಇವಳನ್ನು ಲಾಯದಲ್ಲಿ ಲಾಂಡ್ರಿ ಅಕ್ಕ ಎನ್ನುತ್ತಾರೆ. ರಾತ್ರಿ ಪಾಳಿ ಮುಗಿಸಿ, ಬಿಸಿನೀರಿನಲ್ಲಿ ನೆನೆದು ಬಿಳುಚಿದ ಬೆರಳುಗಳ ಸಮೇತ ನೇರ ಇಲ್ಲಿಗೆ ಬರುತ್ತಾಳೆ.

"ತಲೆ ಕೆಟ್ಟಿದೆಯಾ ಅಂತ ನಮ್ಮಕ್ಕ ಕೇಳಿದ್ಲು. ಹೌದು ಅಂದೆ" ಎಂದು ನನಗೆ ಹೇಳಿದಳು. "ಬೇರೆಯವರಿಗೆ ಮಕ್ಕಳಿರ್ತಾರೆ, ಧಾರಾವಾಹಿ ಇರುತ್ತೆ. ನಂಗೆ ಇದಿದೆ."

ಲಾಯದ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಮೇಡಂ ಕೆಟ್ಟವರಲ್ಲ, ಆದರೆ ಅವರದೊಂದು ನಿಯಮ ಗಟ್ಟಿ: ಸವಾರಿಗೆ ಬಾರದ ಕುದುರೆಗೆ ಇಲ್ಲಿ ಕೊಟ್ಟಿಗೆ ಇಲ್ಲ. ಕೊಟ್ಟಿಗೆಗಾಗಿ ಹೊರಗೆ ಕಾಯುವವರಿದ್ದಾರೆ. ಬೂದಿಗೆ ಅವರು ಪಂದ್ಯಗಳ ಈ ಋತು ಮುಗಿಯುವವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ಪಶುವೈದ್ಯರು ಬಂದು ಕಾಲು ನೋಡಿ ಸವಾರಿಗೆ ಆಗುತ್ತದೆ ಎನ್ನಬೇಕು. ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕು. ಲಾಂಡ್ರಿ ಅಕ್ಕನದು ಮೂರನೇ ಮಹಡಿಯ ಬಾಡಿಗೆ ಕೋಣೆ. ಕಾಲು ಹೋದ ಮುದಿ ಕುದುರೆಯನ್ನು ಕೊಳ್ಳಲು ಯಾರ ಲಾರಿ ಬರುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಲಾಯದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ವೈದ್ಯರು ಕೊಟ್ಟ ಮದ್ದು ಒಂದೇ. ದಿನಾ ಬೆಳಿಗ್ಗೆ ನಡೆಸಬೇಕು, ಸಮವಾದ ಹದವಾದ ನೆಲದ ಮೇಲೆ. ಬೇರೆ ಕುದುರೆಗಳು ನೆಗೆದು ಗುಂಡಿ ಬಿದ್ದ ಮರಳಲ್ಲಿ ಒಮ್ಮೆ ಕಾಲು ಉಳುಕಿದರೆ ನರ ಮತ್ತೆ ಹರಿಯುತ್ತದೆ, ಆಮೇಲೆ ತಾನು ಬಂದೂ ಪ್ರಯೋಜನವಿಲ್ಲ ಎಂದಿದ್ದರು. ಅಂದರೆ ಬೂದಿಗೆ ಬೇಕಾದದ್ದು ಕುಂಟೆ ಎಳೆದ ಮೇಲಿನ ಮೊದಲ ಮರಳು. ಯಾರ ಗೊರಸೂ ಇನ್ನೂ ಬಿದ್ದಿರದ ಮರಳು.

ಅದಕ್ಕೇ ಆ ಬೆಳಿಗ್ಗೆ ಕೋಚ್ ಬೈದಾಗ ನನಗೆ ಮೈಯೆಲ್ಲ ಉರಿಯಿತು. ಐದು ಕುದುರೆ ಇಟ್ಟವನು, ಹೊಳೆಯುವ ಬೂಟು ಹಾಕಿದವನು, ಒಂದು ಕುಂಟು ಕುದುರೆಯ ನಡಿಗೆ ಮುಗಿಯುವವರೆಗೆ ಕಾಯಲಾರನೇ? ಪಾಳಿಯಣ್ಣ ತಿರುಗಿ ಒಂದು ಮಾತೂ ಬೈಯದೆ ನಿಂತದ್ದನ್ನು ನಾನು ದೊಡ್ಡತನ ಎಂದುಕೊಂಡೆ. ಮನೆಗೆ ಹೋಗಿ ಹಾಗೆಯೇ ಬರೆದೂ ಇಟ್ಟೆ. ಆ ಹಾಳೆಯನ್ನು ಆಮೇಲೆ ಹರಿದು ಹಾಕಬೇಕಾಯಿತು.

ಏಕೆಂದರೆ ಮುಂದಿನ ಲೋಡು ಇಳಿಸಲು ಹೋದ ದಿನ ಅದೇ ಗೇಟಿನ ಮುಂದೆ ಮತ್ತೆ ಜನ ಸೇರಿದ್ದರು. ಈ ಸಲ ಕೋಚ್ ಕುದುರೆಯಿಂದ ಇಳಿದಿದ್ದ. ಮೇಡಂ ಕೈಗೆ ತನ್ನ ಮೊಬೈಲು ಕೊಟ್ಟಿದ್ದ.

"ನೋಡಿ ಮೇಡಂ. ಇದು ನಿನ್ನೆ ಸಂಜೆ ತೆಗೆದ ಫೋಟೊ. ಎಡಗಡೆ ಮೊದಲನೇ ಲಾಳ ಯಾವುದು? ಹಸಿರು ಬಣ್ಣದ್ದು, ಪೋನಿದು. ಇದು ಇವತ್ತು ಬೆಳಿಗ್ಗೆ. ಈಗ ಮೊದಲನೇದು ಯಾವುದು? ಬೂದಿದು. ಲಾಳಕ್ಕೆ ಕಾಲು ಬಂತಾ?"

ಮೇಡಂ ಫೋಟೊ ನೋಡಿದರು, ಹಲಗೆ ನೋಡಿದರು, ಪಾಳಿಯಣ್ಣನನ್ನು ನೋಡಿದರು.

"ಹೌದು ಮೇಡಂ" ಎಂದರು ಪಾಳಿಯಣ್ಣ. "ನಾನೇ ಬದಲಾಯಿಸಿದ್ದು. ಬೆಳಿಗ್ಗೆ ಬದಲಾಯಿಸ್ತೀನಿ, ಸಂಜೆ ವಾಪಸ್ ಇಡ್ತೀನಿ."

"ಇವತ್ತೊಂದು ದಿನಾನಾ?"

"ಅಲ್ಲ. ಡಾಕ್ಟರು ಹೇಳಿದಾಗಿಂದ."

ಪೋನಿ ಹುಡುಗಿಯ ತಾಯಿ ಮೊದಲು ಬಾಯಿ ತೆರೆದವರು. "ಅಲ್ಲ ಪಾಳಿಯಣ್ಣ, ನಮ್ಮ ಮಗು ಶಾಲೆಗೆ ಲೇಟಾಗುತ್ತೆ ಅಂತ ಮೊದಲನೇ ಪಾಳಿ ದಿನಕ್ಕೆ ಬೆರಳು ಮಡಿಸಿ ಕಾಯುತ್ತೆ. ಅದನ್ನೂ ತಿಂದ್ರಾ?"

"ತಿಂದೆ ಕಣಮ್ಮ."

ನಾನು ಹುಲ್ಲಿನ ಪಿಂಡಿ ಕೆಳಗಿಟ್ಟು ಲೆಕ್ಕ ಹಾಕಿದೆ. ಕೋಚ್ ಬೈದ ಆ ಬೆಳಿಗ್ಗೆ ಬೂದಿಯ ಹಿಂದೆ, ಎರಡನೇ ಮೊಳೆಯಲ್ಲಿ ಇದ್ದದ್ದು ಅವನ ಲಾಳ. ಬೂದಿಯದನ್ನು ಮುಂದೆ ತೂರಿಸಿದ್ದರಿಂದ ಒಂದು ಮೊಳೆ ಹಿಂದೆ ಸರಿದದ್ದು ಅದು, ಅಂದರೆ ನಿಜವಾದ ಮೊದಲ ಪಾಳಿ ಅವನದೇ. "ನಿಮ್ದು ಎರಡನೇದು ಸರ್" ಎಂದು ಅಷ್ಟು ತಣ್ಣಗೆ ಹೇಳಿದ್ದು ಸುಳ್ಳು. ಬಾಯಿ ಕೆಟ್ಟದ್ದಾದರೂ ಮಾತು ಕೋಚ್‌ನದೇ ಸರಿ ಇತ್ತು. ನನಗೆ ಅವನ ಮೇಲೆ ಇವತ್ತಿಗೂ ಕೋಪವಿದೆ, ಬಚ್ಚಿಡುವುದಿಲ್ಲ. ಆದರೆ ಇದನ್ನು ಬರೆಯದೆ ಬಿಟ್ಟರೆ ನಾನೂ ಲಾಳ ಬದಲಾಯಿಸಿದ ಹಾಗಾಗುತ್ತದೆ.

ಲಾಂಡ್ರಿ ಅಕ್ಕ ಬೂದಿಯ ಹಗ್ಗ ಹಿಡಿದು ಅಂಗಳದ ಒಳಗೇ ಕಲ್ಲಿನಂತೆ ನಿಂತಿದ್ದಳು. ಅವಳಿಗೂ ಗೊತ್ತಿರಲಿಲ್ಲ. ಕಾಲು ಕೆಟ್ಟ ಕುದುರೆಗೆ ಮೊದಲ ಮರಳು ಎಂದು ಎಲ್ಲರೂ ಒಪ್ಪಿದ್ದಾರೆ ಎಂದೇ ಪಾಳಿಯಣ್ಣ ಅವಳಿಗೆ ಹೇಳಿದ್ದರಂತೆ. ಅವಳು ಗೇಟಿನ ಹತ್ತಿರ ಬಂದು "ಎಲ್ಲರೂ ಕ್ಷಮಿಸಿ, ನಂಗೆ ನಿಜವಾಗ್ಲೂ..." ಎಂದು ಅಷ್ಟಕ್ಕೇ ನಿಂತಳು.

"ನೀನ್ಯಾಕಮ್ಮ ಕ್ಷಮೆ ಕೇಳ್ತೀಯ?" ಎಂದರು ಮೇಷ್ಟ್ರು. ಆಮೇಲೆ ಪಾಳಿಯಣ್ಣನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ನಮ್ಮನ್ನ ಒಂದು ಮಾತು ಕೇಳಬಾರದಿತ್ತೇನಯ್ಯಾ? ಕೇಳಿದ್ರೆ ಕೊಡ್ತಿರಲಿಲ್ವಾ?"

"ಕೊಡಲ್ಲ ಅಂದ್ಕೊಂಡೆ ಮೇಷ್ಟ್ರೇ."

"ಯಾಕೆ ಹಾಗೆ ಅಂದ್ಕೊಂಡೆ?"

ಪಾಳಿಯಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಇಷ್ಟು ವರ್ಷ ಗೇಟಲ್ಲಿ ನಿಂತು ನಿಮ್ಮನ್ನೆಲ್ಲ ನೋಡಿ ನೋಡಿ ಹಾಗೆ ಅನ್ನಿಸ್ತು. ನನ್ನ ತಪ್ಪೇ."

ಮೇಡಂ ಹೆಚ್ಚು ಮಾತಾಡಲಿಲ್ಲ. ಇವತ್ತಿನಿಂದ ಹಲಗೆಯ ಲಾಳವನ್ನು ಎಲ್ಲರ ಕಣ್ಣೆದುರಲ್ಲೇ ಅಲುಗಾಡಿಸಬೇಕು, ಇನ್ನೊಮ್ಮೆ ಹೀಗಾದರೆ ಗೇಟಿನ ಕೆಲಸ ಬೇರೆಯವರಿಗೆ ಎಂದರು. ಬೂದಿಗೆ ಮೊದಲ ಮರಳು ಬೇಕಿದ್ದರೆ ಅದನ್ನು ಕೊಡಬೇಕಾದವರು ಪಾಳಿ ಇರುವವರು, ನೀನಲ್ಲ ಎಂದರು. ಹೇಳಿದ ರೀತಿ ಒರಟಾಗಿತ್ತು, ಹೇಳಿದ್ದು ಒರಟಾಗಿರಲಿಲ್ಲ.

ಪಾಳಿಯಣ್ಣ ಬೂದಿಯ ಲಾಳವನ್ನು ಅದರ ಸ್ವಂತ ಮೊಳೆಗೆ ವಾಪಸ್ ಇಟ್ಟರು. ಮೇಷ್ಟ್ರು ಅಲ್ಲೇ ಹೋಗಿ ತಮ್ಮ ಕಂದು ಕುದುರೆಯ ಲಾಳ ತೆಗೆದು ಬೂದಿಯ ಲಾಳದ ಜಾಗಕ್ಕೆ ಹಾಕಿ, ಬೂದಿಯದನ್ನು ತಮ್ಮ ಜಾಗಕ್ಕೆ ತಂದರು. "ನಂದು ತಗೋ. ನಂಗೂ ಮಂಡಿ ನೋವು, ಬಿಸಿಲಲ್ಲಿ ಸ್ವಲ್ಪ ಕಾದ್ರೆ ಒಳ್ಳೇದೇ." ಇನ್ನೂ ಒಂದಿಬ್ಬರು ಮುಂದೆ ಬಂದರು. ಪೋನಿಯ ತಾಯಿ ಬರಲಿಲ್ಲ. "ನನಗೆ ಆಗಲ್ಲ, ಬೇಜಾರು ಮಾಡ್ಕೋಬೇಡಿ. ಮಗಳಿಗೆ ಬೇರೆ ಹೊತ್ತಿಲ್ಲ" ಎಂದು ನೇರವಾಗಿ ಹೇಳಿದರು. ಅದಕ್ಕೂ ಪಾಳಿಯಣ್ಣ ತಲೆಯಾಡಿಸಿದರು. ಕೋಚ್ ಕೈಕಟ್ಟಿ ನಿಂತಿದ್ದ. ಪಂದ್ಯ ಹತ್ತಿರ ಬರುತ್ತಿದೆ, ತನ್ನ ಐದು ಪಾಳಿಯಲ್ಲಿ ಒಂದನ್ನೂ ಬಿಡುವುದಿಲ್ಲ ಎಂದ. ಹಾಗೆ ಹೇಳುವ ಹಕ್ಕು ಅವನಿಗಿತ್ತು. ಐದು ಕುದುರೆ, ಐದು ಬಾಡಿಗೆ, ಐದು ಲಾಳ.

ಕೊಟ್ಟವರ ದಿನಗಳಲ್ಲಿ ಬೂದಿಗೆ ಹೊಸ ಮರಳು ಸಿಗುತ್ತಿತ್ತು. ಪೋನಿಯ ದಿನ ತೊಂದರೆಯಿಲ್ಲ. ಅದರ ಪುಟ್ಟ ಗೊರಸು ಮರಳನ್ನು ಕೆದಕುವುದಿಲ್ಲ, ಗೀಚುತ್ತದೆ ಅಷ್ಟೆ. ಕೋಚ್‌ನ ದಿನಗಳೇ ಕಷ್ಟ. ಅವನ ಕುದುರೆಗಳು ನೆಗೆದ ಮೇಲೆ ಅಂಗಳ ಉತ್ತ ಹೊಲದ ಹಾಗಿರುತ್ತದೆ, ಮತ್ತೆ ಕುಂಟೆ ಎಳೆಯುವಷ್ಟು ಬಿಡುವು ಪಾಳಿಗಳ ನಡುವೆ ಇರುವುದಿಲ್ಲ. ಆ ದಿನಗಳಿಗಾಗಿ ಪಾಳಿಯಣ್ಣ ಕೋಚ್‌ನ ಹತ್ತಿರ ಹೋದರು. ಈ ಸಲ ಕೇಳಲು ಹೋದರು.

ಆ ಮಾತುಕತೆ ನಡೆದದ್ದು ಜೀನಿನ ಕೋಣೆಯಲ್ಲಿ, ನಾನು ಹೊರಗೆ ಹಗ್ಗ ಸುತ್ತುತ್ತಿದ್ದಾಗ. ಗೋಡೆಯ ಪಕ್ಕದ ಒಂದು ಪಟ್ಟಿ ಸಾಕು, ಕುದುರೆ ಒಂದು ನಡೆಯುವಷ್ಟು ಅಗಲ, ಅದನ್ನು ಬಿಟ್ಟು ಅಭ್ಯಾಸ ಮಾಡಿಸುತ್ತೀರಾ ಎಂದು ಇವರು ಕೇಳಿದರು.

"ಬಿಟ್ರೆ ನಂಗೇನು ಸಿಗುತ್ತೆ?"

"ಏನು ಬೇಕು ಸರ್?"

"ಕಂಬಗಳು. ನಿಲ್ಲಿಸೋದು, ಎತ್ತರ ಮಾಡೋದು, ಬಿದ್ರೆ ಎತ್ತೋದು, ಕೊನೇಲಿ ತೆಗೆದಿಡೋದು. ನನ್ನ ಹುಡುಗರು ಕುದುರೆಯಿಂದ ಇಳಿಯೋ ಹಾಗೆ ಆಗಬಾರದು."

"ಆಯ್ತು ಸರ್."

ನಾನು ಹಗ್ಗ ಬಿಸಾಡಿ ಒಳಗೆ ನುಗ್ಗುವವನಿದ್ದೆ. ಪಾಳಿಯಣ್ಣ ಹೊರಗೆ ಬಂದು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು.

"ಸುಮ್ನಿರು ತಮ್ಮಾ. ಅವ್ರು ಪುಕ್ಕಟೆ ಕೊಡಬೇಕಾಗಿರಲಿಲ್ಲ. ಕದ್ದೋನು ನಾನು."

"ಕದ್ದಿದ್ದು ನಿಮಗಾಗಿ ಅಲ್ಲವಲ್ಲ!"

"ಯಾರಿಗಾಗಿ ಕದ್ರೆ ಏನು? ಪೋನಿ ಮಗು ನನ್ನ ಮಾತು ನಂಬ್ಕೊಂಡು ಗೇಟಲ್ಲಿ ನಿಂತಿತ್ತು."

ಆಮೇಲಿನ ಎಷ್ಟೋ ಬೆಳಿಗ್ಗೆಗಳಲ್ಲಿ ನಾನು ಕಂಡದ್ದು ಇದು. ನೀರು, ಕುಂಟೆ, ಮೂಲೆಗಳ ರೇಕ್ ಕೆಲಸ ಮುಗಿಸಿ, ಪಾಳಿಯಣ್ಣ ಬಣ್ಣ ಬಳಿದ ಭಾರದ ಕಂಬಗಳನ್ನು ಹೆಗಲ ಮೇಲೆ ಹೊತ್ತು ಅಂಗಳದ ನಡುವೆ ಜೋಡಿಸುತ್ತಾರೆ. ಕುದುರೆ ಕಂಬ ಬೀಳಿಸುತ್ತದೆ, ಇವರು ಓಡಿಹೋಗಿ ಎತ್ತುತ್ತಾರೆ. "ಇನ್ನೂ ಒಂದು ಗೇಣು ಮೇಲೆ!" ಎಂದು ಕೋಚ್ ಕೂಗುತ್ತಾನೆ, ಇವರು ಏರಿಸುತ್ತಾರೆ. ಅತ್ತ ಗೋಡೆಯ ಪಕ್ಕದ ಪಟ್ಟಿಯಲ್ಲಿ ಬೂದಿ ಮತ್ತು ಲಾಂಡ್ರಿ ಅಕ್ಕ ನಡೆಯುತ್ತಾರೆ. ಕೋಚ್ ಮಾತಿಗೆ ತಪ್ಪಲಿಲ್ಲ, ಅದನ್ನೂ ಹೇಳಬೇಕು. ಶಿಷ್ಯನೊಬ್ಬ ಒಮ್ಮೆ ಆ ಪಟ್ಟಿಗೆ ಕುದುರೆ ತಿರುಗಿಸಿದಾಗ "ಲೇ, ಅದು ನಿಮ್ಮಪ್ಪನ ರಸ್ತೆಯಲ್ಲ!" ಎಂದು ಅವನೇ ಗದರಿದ.

ಸಂಜೆ ಮನೆಯಲ್ಲಿ ಪಾಳಿಯಣ್ಣನ ಹೆಂಡತಿ ಅವರ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದರು. ಕಂಬದ ಅಂಚು ಒತ್ತಿ ಚರ್ಮ ಕಪ್ಪಾಗಿತ್ತು. "ಕುದುರೆ ಕಾಲು ಸರಿ ಮಾಡೋಕೆ ಹೋಗಿ ಇವರ ಹೆಗಲು ಹೋಯ್ತು. ಇವರಿಗೆ ಯಾವ ಡಾಕ್ಟರು ಬರ್ತಾರೆ?" ಎಂದರು. ಪಾಳಿಯಣ್ಣ "ನೀನಿದ್ದೀಯಲ್ಲ" ಎಂದರು. "ಇದೀನಿ, ಇದೀನಿ. ತಿರುಗಿ ಕೂತ್ಕೊಳ್ಳಿ ಈ ಕಡೆ."

ಅದೇ ಸಂಜೆ ನಾನು ಕೇಳಿದೆ, ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು. ಇಂಥ ಲೇಖನ ಬರೆಯುವವರು ಕೇಳುವ ಪ್ರಶ್ನೆ, ನಾನೂ ಕೇಳಿದೆ. "ಅಂಗಳದ ಕೆಳಗಿನ ಮೂಲೇಲಿ ನೀರು ನಿ‌ಲ್ಲುತ್ತೆ. ಅಲ್ಲೊಂದು ಪೈಪು ಹೂತು ಹೊರಗೆ ಬಿಟ್ರೆ ಎಲ್ಲರಿಗೂ ಒಂದು ಮೂಲೆ ಜಾಸ್ತಿ ಸಿಗುತ್ತೆ. ಮೇಡಂಗೆ ಹೇಳಿದೀನಿ" ಎಂದರು. ಸ್ವಂತಕ್ಕೆ ಏನೂ ಬೇಡವೇ ಎಂದರೆ, ಇದು ಸ್ವಂತಕ್ಕೇ ಅಲ್ಲವೇ ಎಂಬಂತೆ ನನ್ನನ್ನು ನೋಡಿದರು.

ವೈದ್ಯರು ಬಂದ ದಿನ ಲಾಯದಲ್ಲಿ ಯಾರೂ ಸವಾರಿಗೆ ಹೊರಡಲಿಲ್ಲ. ಬೇರೆ ಬೇರೆ ನೆಪ ಹೇಳಿಕೊಂಡು ಎಲ್ಲರೂ ಕಾಂಕ್ರೀಟಿನ ಓಣಿಯ ಎರಡೂ ಬದಿ ನಿಂತರು. ಕುಂಟುವ ಕುದುರೆಯನ್ನು ಗಟ್ಟಿ ನೆಲದ ಮೇಲೆ ಓಡಿಸಿದರೆ ಗೊರಸಿನ ಸದ್ದೇ ಹೇಳಿಬಿಡುತ್ತದೆ. ವೈದ್ಯರು ಮೊದಲು ಮುಂಗಾಲನ್ನು ಮಡಿಸಿ ಹಿಡಿದು, ಬೆರಳಿನಿಂದ ನರದ ಉದ್ದಕ್ಕೂ ಒತ್ತಿ ನೋಡಿದರು. ಬೂದಿ ಕಿವಿ ಆಡಿಸಿತೇ ಹೊರತು ಕಾಲು ಎಳೆದುಕೊಳ್ಳಲಿಲ್ಲ. "ಓಡಿಸಮ್ಮ" ಎಂದರು.

ಲಾಂಡ್ರಿ ಅಕ್ಕ ಹಗ್ಗ ಹಿಡಿದು ಓಡಿದಳು. ಚಪ್ಪಲಿ ಒಂದು ಕಡೆ ಹಾರಿತು, ಅವಳು ನೋಡಲಿಲ್ಲ. ಟಕ್ ಟಕ್ ಟಕ್ ಟಕ್. ಹೋಗುವಾಗ ಸಮ, ತಿರುಗಿ ಬರುವಾಗ ಸಮ. ವೈದ್ಯರು ಇನ್ನೊಮ್ಮೆ ಓಡಿಸಿದರು. ಪಾಳಿಯಣ್ಣ ಕಣ್ಣು ಮುಚ್ಚಿ ನಿಂತಿದ್ದರು.

"ಸವಾರಿಗೆ ಆಗುತ್ತೆ" ಎಂದರು ವೈದ್ಯರು. "ಇನ್ನು ಎಲ್ಲ ಕುದುರೆ ಹಾಗೆ ಇದೂ ಒಂದು. ಹದ್ದುಬಸ್ತಲ್ಲಿ ಓಡಿಸಿ, ನೆಗೆಸಬೇಡಿ, ಅಷ್ಟೆ."

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮೇಡಂ ವೈದ್ಯರ ಕೈ ಕುಲುಕಿದರು. ಲಾಂಡ್ರಿ ಅಕ್ಕ ಕುದುರೆಯ ಕುತ್ತಿಗೆಗೆ ಮುಖ ಒತ್ತಿ ಅತ್ತಳು, ನಕ್ಕಳು, ಮೂಗನ್ನು ಅದರ ಕೂದಲಿಗೇ ಒರೆಸಿದಳು. ಕೋಚ್ ಕೂಡ ದೂರದಿಂದ ಒಂದು ಸಲ ತಲೆಯಾಡಿಸಿ ಹೋದ. ಪಾಳಿಯಣ್ಣ ಅವಳ ಚಪ್ಪಲಿ ಹುಡುಕಿ ತಂದು ಕಾಲ ಬಳಿ ಇಟ್ಟರು.

ಮರುದಿನದ ಬೆಳಿಗ್ಗೆ ನಾನು ಬೇಕೆಂದೇ ಹೋಗಿದ್ದೆ, ಲೋಡು ಇರಲಿಲ್ಲ. ಗೇಟಿನ ಹತ್ತಿರ ಆಗಲೇ ಮೇಷ್ಟ್ರು, ಪೋನಿಯ ತಾಯಿ, ಕೋಚ್‌ನ ಶಿಷ್ಯರು ಬಂದಿದ್ದರು. ಅವರ ಕಣ್ಣೆದುರೇ ಪಾಳಿಯಣ್ಣ ಸಾಲನ್ನು ಸರಿ ಮಾಡಿದ್ದರು. ಮೇಷ್ಟ್ರದು ಮೇಷ್ಟ್ರ ಜಾಗಕ್ಕೆ, ಕೊಟ್ಟವರದೆಲ್ಲ ಕೊಟ್ಟವರ ಜಾಗಕ್ಕೆ, ಬೂದಿಯದು ಅದರ ಸ್ವಂತ ಪಾಳಿಗೆ, ಬಲತುದಿಯ ಹತ್ತಿರ.

ಲಾಂಡ್ರಿ ಅಕ್ಕ ಬೂದಿಯನ್ನು ಹಿಡಿದು ಬಂದಳು. ಹಲಗೆಯನ್ನು ನೋಡಿದಳು. ಅವಳ ನಗು ಅಲ್ಲೇ ನಿಂತಿತು. ಪಾಳಿಯಣ್ಣ ಸಲಿಕೆ ಹಿಡಿದು ಕೆಳಗಿನ ಮೂಲೆಗೆ ಹೊರಟಿದ್ದರು, ಅವಳು ಬಂದು ಅಡ್ಡ ನಿಂತಳು.

"ಅಣ್ಣಾ, ಇನ್ನೊಂದು ಸ್ವಲ್ಪ ದಿನ ಅಣ್ಣಾ. ಡಾಕ್ಟರು ಸರಿ ಅಂದ್ರು, ನಂಗೊತ್ತು. ಆದ್ರೆ ನಂಗೆ ಭಯ. ಆ ಗುಂಡಿಗಳಲ್ಲಿ ಮತ್ತೆ ಕಾಲು ಉಳುಕಿದ್ರೆ?" ದನಿ ತಗ್ಗಿಸಿದಳು. "ಮೇಷ್ಟ್ರು ಏನೂ ಅನ್ನಲ್ಲ. ನೀವು ಹೇಳಿದ್ರೆ ಯಾರೂ ಏನೂ ಅನ್ನಲ್ಲ. ನೀವೇ ಅಲ್ವಾ ನನ್ನ ಕಾಪಾಡಿದ್ದು?"

ಪಾಳಿಯಣ್ಣ ಅವಳ ಮುಖ ನೋಡುತ್ತಾರೆ. ಬಿಳುಚಿದ ಬೆರಳುಗಳ ನಡುವಿನ ಹಗ್ಗ ನೋಡುತ್ತಾರೆ, ಬೂದಿಯ ಮುಂಗಾಲು ನೋಡುತ್ತಾರೆ. ಹಲಗೆಯ ಕಡೆ ಒಮ್ಮೆ ನೋಡುತ್ತಾರೆ, ಲಾಳಕ್ಕೆ ಕೈ ಹಾಕುವುದಿಲ್ಲ. ಪೋನಿಯ ತಾಯಿ ಗೇಟಿನಿಂದ ಇತ್ತಲೇ ನೋಡುತ್ತಿದ್ದಾರೆ.

ಅವರು ಸಲಿಕೆಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿ, ಅವಳ ಪಕ್ಕದಿಂದ ದಾಟಿ, ಹಸಿ ಮರಳಿನ ಮೇಲೆ ನೀರು ನಿಂತ ಮೂಲೆಯ ಕಡೆ ನಡೆದು ಹೋಗುತ್ತಾರೆ.